ವೇಷವಿಲ್ಲದ ನಂಬಿಕೆ

ಧ್ಯಾನಭಾಗಗಳು: 2 ತಿಮೊಥೆಯ 1:5, ಲೂಕ 2:41–52



ತಂದೆತಾಯಿಗಳು ಬೋಧಕರ ಬಳಿಗೆ ಬಂದು ಹೇಳಿಕೊಳ್ಳುವ ದುಃಖಗಳಲ್ಲಿ ಒಂದು ಮೇಲಿಂದ ಮೇಲೆ ಕೇಳಿಬರುತ್ತದೆ. ನಿನ್ನೆ ಮೊನ್ನೆಯ ವರೆಗೆ ಸೆರಗು ಹಿಡಿದು ಪ್ರಾರ್ಥನೆಗೆ ಬರುತ್ತಿದ್ದ ಮಗನು ಈಗ ಹದಿನೈದು ವರುಷದವನಾಗಿದ್ದಾನೆ. ಕೇಳಿದರೆ ಒಂದೇ ಮಾತಿನ ಉತ್ತರ. ಮಿಕ್ಕ ಹೊತ್ತೆಲ್ಲಾ ಮೊಬೈಲಿನ ಮೇಲೆಯೇ ಕಣ್ಣು. ಅವನ ಮನಸ್ಸಿನಲ್ಲಿ ಏನಿದೆಯೋ ತಿಳಿಯದು. ಅಯ್ಯನವರೇ, ನೀವಾದರೂ ಅವನಿಗೆ ನಾಲ್ಕು ಬುದ್ಧಿಮಾತು ಹೇಳಿರಿ ಎಂದು ಬೇಡಿಕೊಳ್ಳುತ್ತಾರೆ. ಬುದ್ಧಿ ಹೇಳುವದು ಒಳ್ಳೇದೇ. ಆದರೆ ಸತ್ಯವೇದವು ಇಂಥ ಸಮಯದಲ್ಲಿ ಮೊದಲು ಮಗನನ್ನಲ್ಲ, ಮನೆಯನ್ನು ನೋಡುತ್ತದೆ. ನಾವೂ ಅಲ್ಲಿಂದಲೇ ಆರಂಭಿಸೋಣ.

ಅಪೊಸ್ತಲನಾದ ಪೌಲನು ತಿಮೊಥೆಯನಿಗೆ ಬರೆಯುವಾಗ, ಅವನಲ್ಲಿರುವ ನಂಬಿಕೆಯು ಮೊದಲು ಅವನ ಅಜ್ಜಿಯಾದ ಲೋವಿಯಲ್ಲಿಯೂ ತಾಯಿಯಾದ ಯೂನೀಕೆಯಲ್ಲಿಯೂ ಇದ್ದದ್ದನ್ನು ಜ್ಞಾಪಿಸುತ್ತಾನೆ. ಆ ಮನೆಯು ಸುಲಭವಾದ ಮನೆಯಾಗಿರಲಿಲ್ಲ. ತಾಯಿಯು ಯೆಹೂದ್ಯಳು, ತಂದೆಯು ಗ್ರೀಕನು. ಹುಡುಗನಿಗೆ ಸುನ್ನತಿಯೂ ಆಗಿರಲಿಲ್ಲವೆಂದು ಅಪೊಸ್ತಲರ ಕೃತ್ಯಗಳ 16ನೇ ಅಧ್ಯಾಯದಿಂದ ತಿಳಿಯುತ್ತದೆ. ಆದರೂ ಆ ಹುಡುಗನು ಚಿಕ್ಕಂದಿನಿಂದ ಪರಿಶುದ್ಧ ಗ್ರಂಥಗಳನ್ನು ಬಲ್ಲವನಾದನು. ಆ ಸ್ತ್ರೀಯರ ನಂಬಿಕೆಗೆ ಪೌಲನು ಇಡುವ ವಿಶೇಷಣವು ಮೂಲಭಾಷೆಯಲ್ಲಿ ವೇಷಧಾರಿತನಕ್ಕೆ ವಿರುದ್ಧವಾದದ್ದು. ಅಂದರೆ ಅದು ವೇಷವಿಲ್ಲದ ನಂಬಿಕೆ.

ವೇಷವೆಂದರೇನೆಂಬದು ನಮ್ಮ ಊರಿನವರಿಗೆ ಹೇಳಿಕೊಡಬೇಕಾದದ್ದಿಲ್ಲ. ರಂಗಸ್ಥಳದಲ್ಲಿ ಕಿರೀಟವಿಟ್ಟು ನಿಂತ ಅರಸನನ್ನು ಊರೆಲ್ಲಾ ನೋಡುತ್ತದೆ. ಅವನು ಚೌಕಿಗೆ ಬಂದು ಬಣ್ಣ ಒರಸಿಕೊಳ್ಳುವದನ್ನು ಒಳಗೆ ಕೂತವರು ಮಾತ್ರ ನೋಡುತ್ತಾರೆ. ಪ್ರಿಯರೇ, ದೇವಾಲಯವು ನಮಗೆ ರಂಗಸ್ಥಳವಾಗಿದ್ದರೆ ಮನೆಯು ಚೌಕಿಯಾಗುತ್ತದೆ. ನಮ್ಮ ಮಕ್ಕಳು ಕೂತಿರುವದು ಚೌಕಿಯಲ್ಲಿಯೇ. ಆದಿತ್ಯವಾರ ನಾವು ಹಾಡಿದ ಕೀರ್ತನೆಯನ್ನೂ ಸೋಮವಾರ ನಾವು ಹಿಡಿದ ತಕ್ಕಡಿಯನ್ನೂ ಅವರು ಒಟ್ಟಿಗೆ ನೋಡುತ್ತಾರೆ. ಚಿಕ್ಕ ಮಗುವು ನೋಡಿ ಮರೆಯುತ್ತದೆ. ಹದಿನೈದು ವರುಷದವನು ನೋಡಿ ತೂಗುತ್ತಾನೆ.

ಯಾಜಕನಾದ ಏಲಿಯ ಕಥೆಯು ನಮಗೆ ಎಚ್ಚರಿಕೆಯಾಗಿದೆ. ಅವನು ತನ್ನ ಮಕ್ಕಳಾದ ಹೊಫ್ನಿ ಫೀನೆಹಾಸರಿಗೆ ಬುದ್ಧಿ ಹೇಳಲೇ ಇಲ್ಲವೆಂದು ಎಣಿಸಬಾರದು. ಅವನು ಮುದುಕನಾದ ಮೇಲೆ ಹೇಳಿದನು, ಅವರು ಕೇಳಲಿಲ್ಲ. ಕರ್ತನಿಗೆ ಸಲ್ಲಬೇಕಾದ ಕಾಣಿಕೆಯ ಉತ್ತಮ ಭಾಗದಿಂದ ಕೊಬ್ಬಿದವರಲ್ಲಿ ದೇವರ ಮನುಷ್ಯನು ಏಲಿಯನ್ನೂ ಸೇರಿಸಿ ಗದರಿಸಿದನು. ಮಕ್ಕಳು ಕದ್ದು ತಂದ ಮಾಂಸವನ್ನು ಒಂದೇ ಪಂಕ್ತಿಯಲ್ಲಿ ಉಂಡ ತಂದೆಯ ಮಾತಿಗೆ ತೂಕವೆಲ್ಲಿಂದ ಬಂದೀತು?

ಇನ್ನು ನಜರೇತಿನ ಮನೆಯನ್ನು ನೋಡಿರಿ. ನಮ್ಮ ಕರ್ತನು ಹನ್ನೆರಡು ವರುಷದವನಾಗಿದ್ದಾಗ ಯೆರೂಸಲೇಮಿನಲ್ಲಿ ಹಿಂದೆ ಉಳಿದನು. ಮೂರು ದಿವಸವಾದ ಮೇಲೆ ಸಿಕ್ಕಿದನು. ಆಗ ಮರಿಯಳು ಮಾಡಿದ್ದೇನು? ಹೀಗೇಕೆ ಮಾಡಿದಿಯೆಂದು ಕೇಳಿದಳು, ತಾವು ಪಟ್ಟ ಕಳವಳವನ್ನು ಮುಚ್ಚದೆ ಹೇಳಿದಳು, ಉತ್ತರವನ್ನು ಆಲಿಸಿದಳು. ಆ ಉತ್ತರವು ತಂದೆತಾಯಿಗಳಿಗೆ ತಿಳಿಯಲಿಲ್ಲವೆಂದು ಲೂಕನು ಸ್ಪಷ್ಟವಾಗಿ ಬರೆದಿದ್ದಾನೆ. ತಿಳಿಯದ ಮಾತನ್ನು ಆಕೆ ಹೀನಾಯಮಾಡಲಿಲ್ಲ, ತನ್ನ ಹೃದಯದಲ್ಲಿ ಇಟ್ಟುಕೊಂಡಳು. ನಾವಾದರೋ ಮಗಳು ಅಂಜುತ್ತಾ ಹೇಳಿದ ಗುಟ್ಟನ್ನು ಸಂಜೆಯೊಳಗೆ ನೆರೆಮನೆಯ ಜಗಲಿಯ ಮೇಲೆ ಹರಡಿದರೆ, ಎರಡನೆಯ ಗುಟ್ಟನ್ನು ಆಕೆ ಹೇಳುವಳೋ? ಮಕ್ಕಳು ನಮ್ಮನ್ನು ನಂಬಬೇಕಾದರೆ, ಅವರ ಮಾತು ನಮ್ಮಲ್ಲಿ ಭದ್ರವಾಗಿರಬೇಕು.

ಸ್ಕಾಟ್ಲೆಂಡ್ ದೇಶದ ಟಾರ್ಥರ್ವಾಲ್ಡ್ ಎಂಬ ಹಳ್ಳಿಯಲ್ಲಿ ಜೇಮ್ಸ್ ಪೇಟನ್ ಎಂಬ ಬಡ ಕಸಬುದಾರನು ಕಾಲುಚೀಲ ನೇಯ್ದು ಹನ್ನೊಂದು ಮಕ್ಕಳನ್ನು ಸಾಕಿದನು. ಒಂದು ಕಡೆ ಅಡಿಗೆಯ ಕೋಣೆ, ಇನ್ನೊಂದು ಕಡೆ ನೇಯ್ಗೆಯ ಚೌಕಟ್ಟುಗಳು, ನಡುವೆ ಒಂದು ಸಣ್ಣ ಕೋಣೆ. ದಿನಾಲು ಊಟವಾದ ಮೇಲೆ ಅವನು ಅಲ್ಲಿ ಬಾಗಲು ಹಾಕಿಕೊಂಡು ಪ್ರಾರ್ಥಿಸುತ್ತಿದ್ದನು. ತಂದೆಯ ನಡುಗುವ ಸ್ವರವು ಕೇಳಿದಾಗ ಮಕ್ಕಳು ಸದ್ದಾಗದಂತೆ ತುದಿಗಾಲಲ್ಲಿ ದಾಟಿ ಹೋಗುತ್ತಿದ್ದರು. 1824ರಲ್ಲಿ ಹುಟ್ಟಿದ ಹಿರೀ ಮಗನಾದ ಜಾನನು ಯೌವನದಲ್ಲಿ ಗ್ಲಾಸ್ಗೋ ಪಟ್ಟಣಕ್ಕೆ ಹೊರಟಾಗ ತಂದೆಯು ಆರು ಮೈಲು ಜೊತೆಯಲ್ಲಿ ನಡೆದನು. ಕೊನೆಯ ಅರ್ಧ ಮೈಲು ಟೋಪಿಯನ್ನು ಕೈಯಲ್ಲಿ ಹಿಡಿದು ಮಾತಿಲ್ಲದೆ ತುಟಿಯಲ್ಲಿಯೇ ಪ್ರಾರ್ಥಿಸುತ್ತಾ ನಡೆದನು. ಇಂಥ ತಂದೆತಾಯಿಗಳನ್ನು ಎಂದಿಗೂ ದುಃಖಪಡಿಸಲಾರೆನೆಂದು ಮಗನು ಆ ದಾರಿಯಲ್ಲಿಯೇ ಹರಕೆಮಾಡಿಕೊಂಡನು. 1858ರಲ್ಲಿ ಅವನು ಈಗ ವನುವಾಟು ಎನಿಸಿಕೊಳ್ಳುವ ದ್ವೀಪಗಳಿಗೆ ಸುವಾರ್ತೆ ಒಯ್ದನು. ಅವನನ್ನು ಹಿಡಿದು ನಿಲ್ಲಿಸಿದ್ದು ಮುಚ್ಚಿದ ಬಾಗಲ ಹಿಂದಿನಿಂದ ಕೇಳಿದ ಆ ಸ್ವರವೇ.

ಹಾಗಾದರೆ ಒಳ್ಳೇ ಮಾದರಿಯಿದ್ದಲ್ಲಿ ಮಕ್ಕಳು ತಪ್ಪುವದೇ ಇಲ್ಲವೋ? ಹಾಗೆ ಹೇಳಲಾರೆವು. ಸಮುವೇಲನು ಯಾರ ಎತ್ತನ್ನೂ ತೆಗೆದುಕೊಂಡವನಲ್ಲವೆಂದು ಇಸ್ರಾಯೇಲ್ಯರೆಲ್ಲರೂ ಸಾಕ್ಷಿಕೊಟ್ಟರು. ಆದರೂ ಅವನ ಮಕ್ಕಳು ಬೇರ್ಷೆಬದಲ್ಲಿ ಲಂಚ ತಿಂದರು. ಮಗನು ದಾರಿಬಿಟ್ಟ ಮನೆಯ ಮೇಲೆ ಕಲ್ಲೆಸೆಯುವದಕ್ಕೆ ನಮ್ಮಲ್ಲಿ ಯಾರಿಗೂ ಅಪ್ಪಣೆಯಿಲ್ಲ. ಅಂಥ ಮನೆಗಳಲ್ಲಿ ಅಳುತ್ತಿರುವವರಿಗೆ ಲೂಕನ 15ನೇ ಅಧ್ಯಾಯದಲ್ಲಿ ಒಂದು ಆದರಣೆಯುಂಟು. ದೂರದೇಶದಲ್ಲಿ ಹಸಿದ ಆ ಮಗನಿಗೆ ಬುದ್ಧಿ ಬಂದಾಗ ಮೊದಲು ನೆನಪಾದದ್ದು ಯಾವದು? ತಂದೆಯ ಉಪದೇಶವಲ್ಲ, ತಂದೆಯ ಕೂಲಿಯಾಳುಗಳ ಊಟ. ಆಳಿನ ಹೊಟ್ಟೆ ತುಂಬಿಸುವವನು ನಮ್ಮ ಅಪ್ಪ ಎಂಬದನ್ನು ಅವನು ಮನೆಯಲ್ಲಿರುವಾಗ ಕಣ್ಣಾರೆ ಕಂಡಿದ್ದನು. ಆಗ ಅದು ಅವನನ್ನು ಮನೆಯಲ್ಲಿ ನಿಲ್ಲಿಸಲಿಲ್ಲ. ಆದರೆ ಹಿಂತಿರುಗುವ ದಾರಿಯನ್ನು ತೋರಿಸಿತು.

ಆದಕಾರಣ ಪ್ರಿಯರೇ, ಕೂಲಿಯವನ ಲೆಕ್ಕವನ್ನು ಮಗನ ಎದುರಿನಲ್ಲಿ ಸರಿಯಾಗಿ ತೀರಿಸಿರಿ. ಕೊಟ್ಟ ಮಾತನ್ನು, ಅದು ಚಿಕ್ಕದಾದರೂ, ನಡಿಸಿರಿ. ಕೋಪದಲ್ಲಿ ಅನ್ಯಾಯವಾಗಿ ಬೈದಿದ್ದರೆ, ಮಗುವೇ, ನನ್ನದು ತಪ್ಪಾಯಿತು ಎನ್ನಿರಿ. ಇದರಿಂದ ತಂದೆಯ ಮಾನವು ಹೋಗುವದಿಲ್ಲ. ಮೊಬೈಲನ್ನು ಬದಿಗಿಡೆಂದು ಹೇಳುವ ಮೊದಲು ನಿಮ್ಮದನ್ನು ಇಡಿರಿ. ಮಕ್ಕಳನ್ನು ಕೆಣಕಿ ಮನಗುಂದಿಸಬಾರದೆಂದು ಪೌಲನು ಎಫೆಸದವರಿಗೂ ಕೊಲೊಸ್ಸೆಯವರಿಗೂ ಬರೆದದ್ದು ತಂದೆಗಳಿಗೇ ಎಂಬದನ್ನು ಮರೆಯದಿರಿ. ಈ ರಾತ್ರಿ ಅವರ ಹೆಸರು ಹಿಡಿದು ಪ್ರಾರ್ಥಿಸಿರಿ. ಅವರ ತಪ್ಪುಗಳನ್ನು ಅವರ ಕಿವಿಗೆ ಬೀಳುವಂತೆ ದೇವರಿಗೆ ವರದಿಮಾಡುವ ಪ್ರಾರ್ಥನೆಯಲ್ಲ, ಅವರಿಗಾಗಿ ಆತನ ಕೃಪೆಯನ್ನು ಬೇಡುವ ಪ್ರಾರ್ಥನೆ.

ಪರಲೋಕದ ತಂದೆಯೇ, ನಮ್ಮ ಮಕ್ಕಳು ನಮ್ಮನ್ನು ನೋಡುವಾಗ ನಿನ್ನನ್ನು ನಂಬುವದಕ್ಕೆ ಅಡ್ಡಿಯಾಗದಂತೆ ನಮ್ಮನ್ನು ಶುದ್ಧಮಾಡು. ದೂರ ಹೋದವರಿಗೆ ಮನೆಯ ನೆನಪನ್ನು ಕೊಡು. ಕಾಯುವವರಿಗೆ ತಾಳ್ಮೆಯನ್ನು ಕೊಡು. ಆಮೆನ್.