ಹೆಪ್ಪಿನ ಹಂಗು

ಅಡುಗೆಮನೆಯಲ್ಲಿ ಜಾಗ ಸಾಲದೆ ಫ್ರಿಜ್ ನಡುಮನೆಗೆ ಬಂದು ಕೂತಿದೆ. ಮೇಲೊಂದು ಕಸೂತಿ ಬಟ್ಟೆ, ಅದರ ಮೇಲೆ ಪ್ಲಾಸ್ಟಿಕ್ ಹೂದಾನಿ. ಅತ್ತೆ ಅವರೆಕಾಯಿ ಸುಲಿಯುತ್ತಿದ್ದಾರೆ. ನಾನೂ ಒಂದು ಹಿಡಿ ಎಳೆದುಕೊಂಡು ಕೂತಿದ್ದೇನೆ. ಸೊಸೆಯ ಕೈಯಲ್ಲಿ ಕರೆಂಟ್ ಬಿಲ್.

ಅತ್ತೆ: ಮೂರು ತಿಂಗಳಾಯ್ತು, ಪಕ್ಕದ ಮನೆಯವಳು ಹೆಪ್ಪು ಕೇಳೋಕೆ ಬಂದಿಲ್ಲ. ನಾವೂ ಹೋಗಿಲ್ಲ.

ಸೊಸೆ: ಅವರ ಮನೆಗೂ ಫ್ರಿಜ್ ಬಂತಲ್ಲ ಅತ್ತೆ, ನಮಗಿಂತ ಮೊದಲೇ.

ಅತ್ತೆ: ಅದಕ್ಕೇ ತಾನೆ ನಮಗೂ ಬೇಕಾಗಿದ್ದು!

ಸೊಸೆ: ಇರಬಹುದು. ಆದ್ರೆ ಲೋಟ ಹಿಡ್ಕೊಂಡು ಅವರ ಹೊಸಲಲ್ಲಿ ನಿಲ್ತಿದ್ದವಳು ನಾನು. ಒಂದು ಚಮಚ ಹೆಪ್ಪು ಕೊಟ್ಟು ನಮ್ಮನೆ ಸುದ್ದಿಯನ್ನೆಲ್ಲ ಕೆದಕೋರು. ಉಳಿದ ಸಾರು ಕೆಟ್ಟುಹೋಗುತ್ತೆ ಅಂತ ಹೊಟ್ಟೆ ತುಂಬಿದ ಮೇಲೂ ತಿಂತಿದ್ದವರು ಯಾರು? ನೀವು, ನಾನು. ಗಂಡಸರಲ್ಲ.

(ಇಲ್ಲಿ ನಾನು ಸೊಸೆಯ ಕಡೆ. ಹಳೆಯ ಕಾಲವನ್ನು ಹೊಗಳುವವರು ಹಳಸಿದ ಸಾರು ಉಂಡವರಲ್ಲ.)

ಅತ್ತೆ: ಅದೇನೋ ನಿಜ. ಆದ್ರೆ ಹೆಪ್ಪಿನದು ತೀರಿಸೋ ಹಂಗು. ಇವತ್ತು ನಾವು, ನಾಳೆ ಅವರು. ಈ ಫ್ರಿಜ್ಜಿನ ಕಂತಿನದು?

ಸೊಸೆ: ಕಂತಿಗೆ ಹಂಗೇ ಇಲ್ಲ. ಹತ್ತನೇ ತಾರೀಖು ದುಡ್ಡು ಕಟ್ಟಿದ್ರೆ ಮನೆ ಸುದ್ದಿ ಯಾರೂ ಕೇಳಲ್ಲ.

ಅತ್ತೆ: ಒಂದು ತಿಂಗಳು ತಪ್ಪಿಸಿ ನೋಡು, ಬಾಗಿಲಿಗೇ ಬಂದು ಕೇಳ್ತಾರೆ. ಹೋಗ್ಲಿ, 2023ರ ಚುನಾವಣೆಗೆ ಮುಂಚೆ ರಾತ್ರಿ ಹತ್ತು ಗಂಟೆಗೆ ಬಂದ ಕುಕ್ಕರ್ ನೆನಪಿದೆಯಾ?

ಸೊಸೆ: ಡಬ್ಬದ ಮೇಲೆ ಅಭ್ಯರ್ಥಿಯ ಮುಖ ಇತ್ತಲ್ಲ, ಅದು. ಆರೇ ತಿಂಗಳಿಗೆ ರಬ್ಬರ್ ಹೋಯ್ತು.

ಅತ್ತೆ: ಬಿಲ್ಲಿಲ್ಲ, ಯಾರನ್ನ ಕೇಳೋದು? ಚರಂಡಿ ವಿಷಯ ಕೇಳೋಕೆ ಹೊರಟ್ರೆ ನಿನ್ನ ಮಾವ, "ಅವನ ಕುಕ್ಕರಲ್ಲಿ ಅನ್ನ ಬೇಯಿಸಿ ಅವನನ್ನೇ ಕೇಳ್ತೀಯಾ" ಅಂದ್ರು. ಅದು ತೀರದ ಹಂಗು.

ಸೊಸೆ: ಹಾಗಾದ್ರೆ ಸರ್ಕಾರ ಕೊಡೋ ಗೃಹಲಕ್ಷ್ಮಿಯ 2,000 ರೂಪಾಯಿ? ಈ ಕಂತು ಕಟ್ತಿರೋದು ಅದರಿಂದಲೇ.

ಅತ್ತೆ: ಕುಕ್ಕರ್ ಕದ್ದುಮುಚ್ಚಿ ಬಂತು. ಇದು ನನ್ನ ಹೆಸರಿಗೆ, ನನ್ನ ಖಾತೆಗೆ ಬರುತ್ತೆ. 2023ರ ಆಗಸ್ಟಲ್ಲಿ ಅದು ಶುರುವಾದ ಮೇಲೇ ನೋಡು, ನಾನು ಯಜಮಾನಿ ಅನ್ನೋದು ಈ ಮನೆಯ ಗಂಡಸರ ಕಣ್ಣಿಗೆ ಬಿದ್ದಿದ್ದು.

ಸೊಸೆ: 2013ರ ಆಹಾರ ಭದ್ರತಾ ಕಾಯ್ದೆಯಲ್ಲೇ ಇದೆ, ರೇಷನ್ ಕಾರ್ಡಿಗೆ ಮನೆಯ ಹಿರಿ ಹೆಂಗಸೇ ಯಜಮಾನಿ ಅಂತ. ದುಡ್ಡು ಬರೋವರೆಗೆ ಯಾರಿಗೂ ಅದು ಬೇಕಿರಲಿಲ್ಲ.

ಅತ್ತೆ: ಫ್ರಿಜ್ ಅಂಗಡೀಲಿ ಕಾಗದಕ್ಕೆ ಸಹಿ ಹಾಕಿದ್ದು ನಿನ್ನ ಗಂಡ. ನನ್ನನ್ನ, "ಯಾವ ಬಣ್ಣ ಬೇಕಮ್ಮಾ" ಅಂತ ಕೇಳಿದ, ಅಷ್ಟೆ.

ಸೊಸೆ: ಓಟು ಕೇಳೋಕೆ ಬಂದವರೂ ಅಷ್ಟೇ ತಾನೆ ಕೇಳೋದು?

ಅತ್ತೆ ನಕ್ಕರು. ಮೊರದಿಂದ ಒಂದು ಹುಳು ಹೆಕ್ಕಿ ಆಚೆ ಎಸೆದರು.

ಅತ್ತೆ: ಬಿಲ್ ಎಷ್ಟು ಬಂದಿದೆ?

ಸೊಸೆ: ಗೃಹಜ್ಯೋತಿ ಅಂದ್ರೆ 200 ಯೂನಿಟ್ಟೂ ಪುಕ್ಕಟೆ ಅಲ್ಲ ಅತ್ತೆ. ಹಳೇ ಸರಾಸರಿ 60, ಅದರ ಮೇಲೆ ಶೇ 10 ಸೇರಿಸಿ 66 ಮಾತ್ರ ಪುಕ್ಕಟೆ. ಫ್ರಿಜ್ ಬಂದ ಮೇಲೆ 88 ಆಗಿದೆ. ಮಿಕ್ಕಿದ 22ಕ್ಕೆ ನಾವೇ ಕಟ್ಟಬೇಕು.

ಅತ್ತೆ: ಕಂತು ಯಾವಾಗ?

ಸೊಸೆ: ನಾಳೆ ಹತ್ತನೇ ತಾರೀಖು. ಗೃಹಲಕ್ಷ್ಮಿ ದುಡ್ಡು ಇನ್ನೂ ಬಂದಿಲ್ಲ.