ಸುಮ್ಮನಿರುವುದು ನೆಮ್ಮದಿಯೇ?

ಹಾನಗಲ್ ಕಡೆಯ ವೃದ್ಧಾಶ್ರಮವೊಂದರಲ್ಲಿ ಭೇಟಿಯಾದ ಅಜ್ಜಿಯೊಬ್ಬರ ಬಗ್ಗೆ ಮೊದಲ ದಿನ ‘ಶಾಂತ ಸ್ವಭಾವ’ ಎಂದು ಬರೆದುಕೊಂಡಿದ್ದೆ. ಆ ಶಾಂತಿ ರಾತ್ರಿಯ ಗುಳಿಗೆಯದು ಎಂದು ತಿಳಿದದ್ದು ಮೂರನೇ ಭೇಟಿಯಲ್ಲಿ. ಮೊದಲೆಲ್ಲ ಅವರು ನಸುಕಿನ ನಾಲ್ಕಕ್ಕೆ ಎದ್ದು ಬಾಗಿಲು ಬಡಿಯುತ್ತಿದ್ದರಂತೆ; ಉಳಿದವರ ನಿದ್ದೆ ಕೆಡುತ್ತಿತ್ತಂತೆ.

“ಎಮ್ಮಿ ಹಿಂಡೂ ಹೊತ್ತಿಗೆ ಎಚ್ಚರ ಆಕ್ಕಿತ್ತವ್ವಾ. ಈಗ ಅದೂ ಇಲ್ಲ,” ಎಂದರು ಅಜ್ಜಿ. ಹಾಲು ಮಾರಿ ಮಕ್ಕಳನ್ನು ಬೆಳೆಸಿದವರ ಜೀವಮಾನದ ರೂಢಿ ಅದು. ಕಾಯಿಲೆಯೋ ರೂಢಿಯೋ ಎಂದು ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಗುಳಿಗೆಯನ್ನು ಹಳಿಯುವುದು ಸುಲಭ. ಆದರೆ ಇಲ್ಲದ ದನಿಗಳನ್ನು ಕೇಳುತ್ತ ವರ್ಷಗಟ್ಟಲೆ ನರಳಿದವರಿಗೆ ಊಟ, ನಿದ್ದೆ, ಮಾತು ಮರಳಿ ಕೊಡುವುದೂ ಗುಳಿಗೆಯೇ. ತೊಡಕಿರುವುದು ಬೇರೆ ಕಡೆ: ಗುಣವಾದವರ ಮೌನವೂ ಮಂಕಾದವರ ಮೌನವೂ ಹೊರಗಿನಿಂದ ಒಂದೇ ರೀತಿ ಕಾಣುತ್ತವೆ. ಮರೆವಿನ ಕಾಯಿಲೆಯ ಹಿರಿಯರಿಗೆ ಕೊಡುವ ಕೆಲವು ಮನೋರೋಗದ ಔಷಧಗಳು ಸಾವಿನ ಅಪಾಯ ಹೆಚ್ಚಿಸುತ್ತವೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲೇ ಎಚ್ಚರಿಸಿತ್ತು. ಆದ್ದರಿಂದ ಕೇಳಬೇಕಾದದ್ದು, ಈ ಮೌನದಿಂದ ನೆಮ್ಮದಿ ಸಿಕ್ಕಿದ್ದು ಯಾರಿಗೆ?

ನಮ್ಮ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಈ ವಿಷಯದಲ್ಲಿ ಉದಾರವಾಗಿದೆ. ಚಿಕಿತ್ಸೆಯ ವಿಷಯವನ್ನು ವ್ಯಕ್ತಿಗೆ ಅರ್ಥವಾಗುವ ಸರಳ ಭಾಷೆಯಲ್ಲಿ ಹೇಳಬೇಕು. ಉತ್ತರ ಮಾತಿನಲ್ಲೇ ಬರಬೇಕೆಂದಿಲ್ಲ, ಸನ್ನೆಯೂ ಸಾಕು. ಒಬ್ಬರ ತೀರ್ಮಾನ ಬೇರೆಯವರಿಗೆ ತಪ್ಪೆನಿಸಿತು ಎಂಬುದೊಂದೇ ಕಾರಣಕ್ಕೆ ಅವರಿಗೆ ತೀರ್ಮಾನಿಸುವ ಶಕ್ತಿಯಿಲ್ಲ ಎನ್ನುವಂತಿಲ್ಲ.

ಆದರೆ ಸನ್ನೆಯನ್ನು ಓದಲು ಯಾರಾದರೂ ಪಕ್ಕದಲ್ಲಿ ಕೂರಬೇಕಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿಯಲ್ಲಿ ನಡೆಸಿದ ಪ್ರಯೋಗದಿಂದ ಬೆಳೆದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡದಲ್ಲಿ ವೈದ್ಯರ ಜೊತೆ ಸಮಾಜ ಕಾರ್ಯಕರ್ತರಿಗೂ ಜಾಗವಿದೆ. ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಎಲ್ಲವೂ ಹಾವೇರಿ ಜಿಲ್ಲೆಯವೇ. ಇಷ್ಟೂರು ಸುತ್ತುವವರಿಗೆ ಒಬ್ಬೊಬ್ಬರ ಪಕ್ಕ ಕೂರುವಷ್ಟು ಹೊತ್ತು ಎಲ್ಲಿಂದ ಬರಬೇಕು? ಆದರೂ ಆ ಹೊತ್ತೇ ಅವರ ಕೆಲಸದ ತಿರುಳು. ರೋಗದ ಹೆಸರಿನ ಜೊತೆ ಬದುಕಿನ ಕಥೆಯನ್ನೂ ವೈದ್ಯರ ಮೇಜಿಗೆ ಮುಟ್ಟಿಸುವವರು ಅವರು.

ಹಾಗಾದರೆ ಉಳಿದವರ ನಿದ್ದೆ? ರಾತ್ರಿಪಾಳಿಯ ಒಬ್ಬಳೇ ಹೆಂಗಸಿನ ದಣಿವು? ಅವೂ ಸುಳ್ಳಲ್ಲ. ಅಜ್ಜಿಯ ಮಂಚವನ್ನು ಬಾಗಿಲ ಬದಿಗೆ ಸರಿಸಿ, ನಸುಕಿಗೆ ಅಡುಗೆಮನೆಯಲ್ಲೊಂದು ಕೆಲಸ ಕೊಟ್ಟು ನೋಡಬಹುದಿತ್ತು. ಅದೂ ಆಗದಿದ್ದರೆ ಗುಳಿಗೆ ಇದ್ದೇ ಇದೆ. ಕೇಳಿದ ಮೇಲೆ ಕೊಡುವುದು ಆರೈಕೆ. ಕೇಳುವ ಬದಲು ಕೊಡುವುದು ನಮ್ಮ ಅನುಕೂಲ.

‘ಶಾಂತ ಸ್ವಭಾವ’ವನ್ನು ಹೊಡೆದುಹಾಕಿದೆ. ಎಮ್ಮೆಯ ವಿಷಯವನ್ನು ಚೀಟಿಯಲ್ಲಿ ಬರೆದು, ಮುಂದಿನ ಸಲ ವೈದ್ಯರಿಗೆ ತೋರಿಸಿ ಎಂದು ಮೇಲ್ವಿಚಾರಕರ ಕೈಗೆ ಕೊಟ್ಟುಬಂದೆ.