ರೋಗಿಯ ಗುಟ್ಟು ಯಾರ ಸೊತ್ತು?

ಕೂಲಿ ಕೊಡುವವನು ಆಳಿನ ದುಡಿತವನ್ನು ಕೊಂಡುಕೊಳ್ಳುತ್ತಾನೆ. ಅದರೊಡನೆ ಆಳಿನ ದೇಹದ ಗುಟ್ಟನ್ನೂ ಕೊಂಡುಕೊಂಡನೋ? ನಮ್ಮ ಕೊಡಗಿನ ಕಾಫಿ ತೋಟಗಳಲ್ಲಿ ಬೆಳಿಗ್ಗೆ ಹಾಜರಿ ಹಿಡಿಯುವ ಹೊತ್ತಿಗೆ ಈ ಪ್ರಶ್ನೆಯು ಏಳುತ್ತದೆ.

ಆಸ್ಪತ್ರೆಗೆ ಹೋಗಬೇಕಾದವನು ಮೇಸ್ತ್ರಿಯ ಮುಂದೆ ರಜೆ ಕೇಳಬೇಕು. ಸುತ್ತಲೂ ಜನರು ನಿಂತಿರುತ್ತಾರೆ. "ಏನು ಕಾಯಿಲೆ?" ಎಂದು ಕೇಳಿದರೆ, ಜ್ವರ ಬಂದವನು ಸುಲಭವಾಗಿ ಹೇಳುವನು. ಎದೆಯಲ್ಲಿ ಗಂಟು ಕಂಡ ಸ್ತ್ರೀಯು ಏನು ಹೇಳಬೇಕು? ಸಂಜೆಯೊಳಗೆ ಆ ಮಾತು ಲೈನ್ ಮನೆಗಳನ್ನೆಲ್ಲಾ ಸುತ್ತಿಬರುವದು. ಆದಕಾರಣ ಆಕೆಯು ಹಣ್ಣು ಕುಯ್ಯುವ ಕಾಲ ಮುಗಿಯಲಿ ಎಂದು ಸುಮ್ಮನಿರುವಳು. ಡಿಸೆಂಬರಿನಲ್ಲಿ ಸಣ್ಣದಾಗಿದ್ದ ಗಂಟು ಮಾರ್ಚಿನ ತನಕ ಸಣ್ಣದಾಗಿಯೇ ಇರುವದೆಂದು ಯಾರು ಹೇಳಬಲ್ಲರು? ಬಿಡುವಿನ ದಿನದಲ್ಲಿ ಹೋಗಬಾರದೋ ಎಂದರೆ, ಅದು ಭಾನುವಾರವಾದಲ್ಲಿ ಸರಕಾರಿ ಆಸ್ಪತ್ರೆಯ ಹೊರರೋಗಿಗಳ ವಿಭಾಗವು ಮುಚ್ಚಿರುತ್ತದೆ.

ಇದಕ್ಕೆ ಯಜಮಾನನು, "ಕಾಯಿಲೆಯೆಂದು ಹೇಳಿ ಮದುವೆಗೆ ಹೋಗುವವರಿದ್ದಾರೆ, ನಾನು ಕೇಳದೆ ಇರಲೋ?" ಅನ್ನುವನು. ಈ ಮಾತಿನಲ್ಲಿಯೂ ನ್ಯಾಯವಿದೆ. ಆದರೆ ಅದಕ್ಕೆ ತಕ್ಕ ಉತ್ತರವು ವೈದ್ಯರ ಪತ್ರವೇ. ಅಂಥ ಪತ್ರದ ಮೇಲೆ ರೋಗಭತ್ಯೆ ಕೊಡತಕ್ಕದ್ದೆಂದು 1951ರ ತೋಟ ಕಾರ್ಮಿಕರ ಕಾಯಿದೆಯು ವಿಧಿಸಿತ್ತು. 2025ರಲ್ಲಿ ಅದರ ಸ್ಥಾನಕ್ಕೆ ಹೊಸ ಸಂಹಿತೆಗಳು ಬಂದರೂ ಆ ನೀತಿಯು ಹಳತಾಗಲಿಲ್ಲ. ಎಷ್ಟು ದಿನ ಕೆಲಸ ಕೂಡದು, ಯಾವ ಕೆಲಸ ಕೂಡದು ಎಂಬ ಎರಡು ಸಂಗತಿಗಳು ರೈಟರನ ಪುಸ್ತಕಕ್ಕೆ ಸಾಕು. ರೋಗದ ಹೆಸರು ಅಲ್ಲಿ ಬೇಕಿಲ್ಲ.

ದೇಶದ ನ್ಯಾಯವೂ ಇತ್ತಲೇ ವಾಲಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ತಂದ ಮೊಕದ್ದಮೆಯಲ್ಲಿ, 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ 9 ಮಂದಿ ನ್ಯಾಯಾಧೀಶರು ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ತೀರ್ಪಿತ್ತರು. ಉದ್ಯೋಗ ಕೊಡುವದಕ್ಕೆ ಎಚ್.ಐ.ವಿ. ಪರೀಕ್ಷೆಯನ್ನು ಷರತ್ತಾಗಿ ಇಡಕೂಡದೆಂದು ಅದೇ ವರ್ಷದ ಕಾಯಿದೆಯು ವಿಧಿಸಿತು.

ಹಾಗಾದರೆ ಅಂಟುರೋಗವನ್ನೂ ಮುಚ್ಚಿಡಬಹುದೋ? ಕೂಡದು. ಕ್ಷಯವನ್ನು ಕಂಡ ವೈದ್ಯನು ಸರಕಾರಕ್ಕೆ ತಿಳಿಸಬೇಕೆಂಬ ಆಜ್ಞೆಯು 2012ರಿಂದ ಉಂಟು. ನೆರೆಯವರನ್ನು ಕಾಯುವ ದಾರಿ ಅದೇ. ಹಾಜರಿಯ ಸಾಲಿನಲ್ಲಿ ಹೆಸರು ಕೂಗಿದರೆ ರೋಗಿಯು ಅಡಗುವನು. ಅಡಗಿದ ರೋಗವು ಹೆಚ್ಚು ಹರಡುವದು.

ದುಡಿಯುವವರಿಗೂ ಒಂದು ಮಾತು. ಹೇಳದೆ ಇರುವದು ಬೇರೆ, ಸುಳ್ಳಾಡುವದು ಬೇರೆ. "ವೈದ್ಯರನ್ನು ಕಾಣಬೇಕಾಗಿದೆ, ಹೆಚ್ಚು ಹೇಳಲಾರೆನು" ಎಂಬದು ಸತ್ಯವಾದ ಮಾತು. ಇಲ್ಲದ ಜ್ವರವನ್ನು ಹೇಳಿ ರಜೆ ಪಡೆದವನು ನಾಳೆ ನಿಜವಾಗಿ ನರಳುವ ನೆರೆಯವನ ನಂಬಿಕೆಯನ್ನು ಕದ್ದವನಾಗುತ್ತಾನೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಮ್ಮ ಹಿರಿಯರು ಹೇಳುವರು. ಆದದರಿಂದ ಮೇಸ್ತ್ರಿಯಾದವನು ರಜೆ ಕೇಳಲು ಬಂದವಳನ್ನು ಸಾಲಿನಿಂದ ಪಕ್ಕಕ್ಕೆ ಕರೆದು, "ಎಷ್ಟು ದಿನ ಬೇಕಮ್ಮಾ?" ಎಂದಷ್ಟೇ ಕೇಳಲಿ. ಇದರಿಂದ ತೋಟಕ್ಕೆ ನಷ್ಟವಿಲ್ಲ. ಒಬ್ಬಳ ಪ್ರಾಣ ಉಳಿದೀತು.